ನಡಿಗೆ ಎಲ್ಲಿ ತುಂಡಾಗುತ್ತದೆ?

ಸಿಗ್ನಲ್‌ನಲ್ಲಿ ಹಸಿರು ಬಂತು. ಅಮ್ಮ ರಸ್ತೆಗೆ ಇಳಿದಳು. ನಾನು ಪಕ್ಕದಲ್ಲೇ ಇದ್ದೆ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಶುರು ಮಾಡಿದ್ದೆ. ರಸ್ತೆಯ ಅಗಲ ಸುಮಾರು 20 ಮೀಟರ್. ಅರ್ಧ ದಾಟಿ ಒಂದೆರಡು ಹೆಜ್ಜೆ ಇಡುವಷ್ಟರಲ್ಲಿ ಹಸಿರು ಮಿಣಮಿಣ ಅನ್ನತೊಡಗಿತು. 17ನೇ ಸೆಕೆಂಡಿಗೆ ಕೆಂಪು. ಆಚೆ ಬದಿ ಇನ್ನೂ ಆರು ಮೀಟರ್ ದೂರ ಇತ್ತು. ಮುಂದೆ ನಿಂತಿದ್ದ ಬೈಕೊಂದು ಗುರ್ರ್ ಅಂತ ಒಂದಡಿ ಮುಂದೆ ಬಂತು. ಅಮ್ಮ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡು, ನೋಯುವ ಮಂಡಿಯಲ್ಲೇ ಓಡಿದಳು. ಫುಟ್‌ಪಾತ್ ಹತ್ತಿ ಉಸಿರು ಬಿಟ್ಟ ಮೇಲೆ ಅಂದದ್ದು ಒಂದೇ ಮಾತು: "ನಾಳೆಯಿಂದ ಪಾರ್ಕ್ ಬೇಡ ಕಣೋ."

ಪಾರ್ಕು ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಮರದ ನೆರಳಿದೆ, ಫುಟ್‌ಪಾತ್ ಕೂಡ ಪರವಾಗಿಲ್ಲ. ತೊಂದರೆ ಇದ್ದದ್ದು ಆ ಆರು ಮೀಟರಿನಲ್ಲಿ ಮಾತ್ರ. ಅಷ್ಟಕ್ಕೇ ಅವಳ ದಿನದ ನಡಿಗೆ ನಿಂತುಹೋಯಿತು.

ಆ 17 ಸೆಕೆಂಡ್ ಯಾರೋ ಸುಮ್ನೆ ಇಟ್ಟದ್ದಲ್ಲ. ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಸಿಗ್ನಲ್ ಎಂಜಿನಿಯರುಗಳು ಬಹಳ ಕಾಲದಿಂದ ಲೆಕ್ಕ ಹಿಡಿಯುತ್ತಾರೆ. 20 ಮೀಟರಿಗೆ ಸುಮಾರು 17 ಸೆಕೆಂಡ್, ಸರಿಯಾಯಿತು. ಆದರೆ ವಯಸ್ಸಾದವರಲ್ಲಿ ಎಷ್ಟೋ ಜನ ಸೆಕೆಂಡಿಗೆ 0.8 ಮೀಟರ್ ನಡೆದರೆ ಹೆಚ್ಚು. ಅವರಿಗೆ 25 ಸೆಕೆಂಡ್ ಬೇಕು. ಈ ಎಂಟು ಸೆಕೆಂಡ್ ಕೊಡುವುದಕ್ಕೆ ದಾರಿಗಳು ಹಲವಿವೆ. ಹಸಿರನ್ನು ಉದ್ದ ಮಾಡಬಹುದು. ರಸ್ತೆ ನಡುವೆ ನಿಲ್ಲುವುದಕ್ಕೆ ಎತ್ತರದ ಒಂದು ಕಟ್ಟೆ ಕೊಡಬಹುದು, ಆಗ ಎರಡು ಸಲ ಹತ್ತತ್ತು ಮೀಟರ್ ದಾಟಿದರೆ ಸಾಕು. ಇಲ್ಲವೇ ದಾಟುವ ಜಾಗದಲ್ಲಿ ಎರಡೂ ಬದಿಯ ಫುಟ್‌ಪಾತನ್ನು ಎರಡೆರಡು ಮೀಟರ್ ಮುಂದಕ್ಕೆ ತರಬಹುದು. ಅಲ್ಲಿ ಹೇಗೂ ಕಾರು ನಿಂತಿರುತ್ತವೆ, ಓಡುವುದಿಲ್ಲ. 20 ಮೀಟರ್ ರಸ್ತೆ 16 ಮೀಟರ್ ಆಗುತ್ತದೆ.

ನಗರದಲ್ಲಿ ನಡಿಗೆ, ಸೈಕಲ್ ಜಾಸ್ತಿ ಮಾಡುವುದು ಹೇಗೆ ಅನ್ನುವ ಪ್ರಶ್ನೆಯನ್ನು ನಾನು ಈ ಆರು ಮೀಟರಿನಿಂದಲೇ ನೋಡುತ್ತೇನೆ. "ನಡೆಯಿರಿ, ಆರೋಗ್ಯ ಉಳಿಸಿಕೊಳ್ಳಿ" ಅನ್ನುವ ಫಲಕಗಳು ಎಲ್ಲ ಊರಲ್ಲೂ ಇವೆ. ನಡಿಗೆ ಒಳ್ಳೆಯದು ಅಂತ ಅಮ್ಮನಿಗೆ ಗೊತ್ತಿಲ್ಲವೇ? ವಾರಕ್ಕೆ ಕನಿಷ್ಠ 150 ನಿಮಿಷ ಮೈಗೆ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವಳು ದಿನಾ ಪಾರ್ಕಿಗೆ ಹೋಗಿಬಂದರೆ ಹೆಚ್ಚುಕಡಿಮೆ ಅಷ್ಟಾಗುತ್ತಿತ್ತು. ಮನಸ್ಸು ಇತ್ತು, ದಾರಿ ತುಂಡಾಗಿತ್ತು. ದಾರಿ ಅನ್ನುವುದು ಸರಪಳಿ ಇದ್ದ ಹಾಗೆ. ಒಂಬತ್ತು ಕೊಂಡಿ ಗಟ್ಟಿ ಇದ್ದು ಹತ್ತನೆಯದು ಮುರಿದಿದ್ದರೆ ಜನ ಆ ಸರಪಳಿ ಹಿಡಿಯುವುದೇ ಇಲ್ಲ.

ಫುಟ್‌ಪಾತ್ ಅಂದರೆ ಬರೀ ಕಲ್ಲಲ್ಲ

ಫುಟ್‌ಪಾತ್ ಇದೆಯೋ ಇಲ್ಲವೋ ಅಂತ ಕೇಳಿದರೆ ಉತ್ತರ ಅರ್ಧ ಮಾತ್ರ ಸಿಗುತ್ತದೆ. ಎಷ್ಟು ದೂರ ಕೆಳಗಿಳಿಯದೆ ನಡೆಯಬಹುದು ಅಂತ ಕೇಳಬೇಕು. ಪ್ರತಿ ಗೇಟಿನ ಮುಂದೆ ಕಾರು ಹತ್ತಲಿ ಅಂತ ಫುಟ್‌ಪಾತನ್ನು ಇಳಿಸಿರುತ್ತಾರೆ. ಮತ್ತೆ ಹತ್ತಿಸಿರುತ್ತಾರೆ. ನಡೆಯುವವರಿಗೆ ನೂರು ಮೀಟರಿಗೆ ಏಳೆಂಟು ಸಲ ಹತ್ತಿ ಇಳಿಯುವ ಕೆಲಸ. ಗಾಲಿಕುರ್ಚಿಯವರಿಗೂ ಮಗುವಿನ ಗಾಡಿ ತಳ್ಳುವವರಿಗೂ ಅಲ್ಲಿಗೆ ದಾರಿ ಮುಗಿಯಿತು.

ನೆದರ್‌ಲ್ಯಾಂಡ್ಸ್‌ನಲ್ಲಿ, ಅಂದರೆ ಡಚ್ಚರ ಊರುಗಳಲ್ಲಿ, ಇದನ್ನು ತಲೆಕೆಳಗು ಮಾಡಿದ್ದಾರೆ. ಚಿಕ್ಕ ಅಡ್ಡರಸ್ತೆ ದೊಡ್ಡ ರಸ್ತೆಗೆ ಸೇರುವ ಕಡೆ ಫುಟ್‌ಪಾತ್ ಅದೇ ಎತ್ತರದಲ್ಲಿ, ಅದೇ ಕಲ್ಲುಹಾಸಿನಲ್ಲಿ ಹಾಗೇ ಮುಂದುವರಿಯುತ್ತದೆ. ಕಾರಿನವರೇ ಫುಟ್‌ಪಾತ್ ಹತ್ತಿ ಇಳಿದು ಹೋಗಬೇಕು. ಇನ್ನೊಬ್ಬರ ಜಾಗಕ್ಕೆ ಬಂದಿದ್ದೇನೆ ಅಂತ ಅವರಿಗೆ ಚಕ್ರದಲ್ಲೇ ತಿಳಿಯುತ್ತದೆ. ಫಲಕ ಬೇಕಿಲ್ಲ, ಪೊಲೀಸರು ಬೇಕಿಲ್ಲ.

ಸ್ಕೈವಾಕ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಡೆಯುವವರಿಗೆ ಏನೋ ಮಾಡಿದ್ದೇವೆ ಅಂತ ತೋರಿಸಲು ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಆದರೆ ಐದಾರು ಮೀಟರ್ ಎತ್ತರ ಹತ್ತಿ, ಅಷ್ಟೇ ಇಳಿದು, ಆಚೆ ಹೋಗಿ ಅಂತ ನಾವು ಯಾರಿಗೆ ಹೇಳುತ್ತಿದ್ದೇವೆ? ಎಂಜಿನ್ ಇರುವವರು ನೆಲದ ಮೇಲೆ ನೇರ ಹೋಗುತ್ತಾರೆ. ಚೀಲ ಹೊತ್ತವರು ಮೆಟ್ಟಿಲು ಹತ್ತುತ್ತಾರೆ. ಲಿಫ್ಟ್ ಇದ್ದರೂ ಅದು ಕೆಟ್ಟ ದಿನ ಸರಪಳಿ ಮತ್ತೆ ಮುರಿಯುತ್ತದೆ. ಹಾಗಾಗಿ ಜನ ಸ್ಕೈವಾಕ್ ಕೆಳಗೇ ಡಿವೈಡರ್ ಹಾರಿ ದಾಟುತ್ತಾರೆ. ಅದನ್ನು ಅಶಿಸ್ತು ಅಂತ ಬೈಯುತ್ತೇವೆ. ಹೆದ್ದಾರಿಗೆ, ರೈಲು ಹಳಿಗೆ ಸ್ಕೈವಾಕ್ ಬೇಕು, ಒಪ್ಪೋಣ. ಊರೊಳಗಿನ ರಸ್ತೆಗೆ ಬೇಕಾದ್ದು ನೆಲದ ಮೇಲೇ ದಾಟುವ ಜಾಗ, ಮತ್ತು ಅಲ್ಲಿ ಕಾರು ನಿಧಾನವಾಗುವ ವ್ಯವಸ್ಥೆ.

ವೇಗದ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಒಣ ರಸ್ತೆ, ಒಳ್ಳೆಯ ಬ್ರೇಕು. 14 ಮೀಟರ್ ಮುಂದೆ ಒಂದು ಮಗು ಚೆಂಡಿನ ಹಿಂದೆ ರಸ್ತೆಗೆ ಬಂತು ಅಂದುಕೊಳ್ಳಿ. ಕಣ್ಣಿಗೆ ಬಿದ್ದದ್ದು ಮಿದುಳಿಗೆ ತಿಳಿದು, ಕಾಲು ಬ್ರೇಕಿಗೆ ಹೋಗಲು ಸುಮಾರು ಒಂದು ಸೆಕೆಂಡ್ ಹಿಡಿಯುತ್ತದೆ. ಗಂಟೆಗೆ 30 ಕಿ.ಮೀ. ವೇಗದ ಕಾರು ಆ ಒಂದು ಸೆಕೆಂಡಿನಲ್ಲಿ 8 ಮೀಟರ್ ಚಿಲ್ಲರೆ ಹೋಗುತ್ತದೆ. ಬ್ರೇಕ್ ಒತ್ತಿದ ಮೇಲೆ ಇನ್ನೊಂದು 5 ಮೀಟರ್. ಮಗುವಿಗೆ ಗೇಣಿನಷ್ಟೋ ಮೊಳದಷ್ಟೋ ಈಚೆಗೆ ನಿಲ್ಲುತ್ತದೆ. ಎಲ್ಲರೂ ನಡುಗುತ್ತಾರೆ, ಮನೆಗೆ ಹೋಗುತ್ತಾರೆ.

ಅದೇ ಕಾರು 50ರಲ್ಲಿ ಇದ್ದರೆ? ಆ ಮೊದಲ ಸೆಕೆಂಡಿನಲ್ಲೇ ಅದು 14 ಮೀಟರ್ ಹೋಗಿರುತ್ತದೆ. ಬ್ರೇಕ್ ಇನ್ನೂ ಹಿಡಿದಿರುವುದಿಲ್ಲ. ಮಗುವಿಗೆ ಬಡಿಯುವಾಗ ಕಾರಿನ ವೇಗ ಪೂರ್ತಿ 50. ಹೊಡೆತದ ಬಲವೂ ವೇಗದ ಜೊತೆ ನೇರವಾಗಿ ಏರುವುದಿಲ್ಲ, ವರ್ಗದ ಲೆಕ್ಕದಲ್ಲಿ ಏರುತ್ತದೆ. 50ರ ಕಾರಿನಲ್ಲಿ 30ರ ಕಾರಿಗಿಂತ ಸುಮಾರು 2.8 ಪಟ್ಟು ಶಕ್ತಿ ಇರುತ್ತದೆ. ಸರಾಸರಿ ವೇಗ ಶೇ. 1ರಷ್ಟು ಏರಿದರೆ ಸಾವಿನ ಅಪಘಾತದ ಅಪಾಯ ಶೇ. 4ರಷ್ಟು ಏರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದೇ ಕಾರಣಕ್ಕೆ.

ಆಸ್ಟ್ರಿಯಾದ ಗ್ರಾಟ್ಸ್ ನಗರ 1992ರಲ್ಲೇ ಮುಖ್ಯ ರಸ್ತೆ ಬಿಟ್ಟು ಉಳಿದ ಕಡೆಯೆಲ್ಲ 30 ಕಿ.ಮೀ. ಮಿತಿ ತಂದಿತು. ಪ್ಯಾರಿಸ್ 2021ರಲ್ಲಿ ತಂದಿತು. ನಾರ್ವೆಯ ಓಸ್ಲೊ ಮತ್ತು ಫಿನ್‌ಲ್ಯಾಂಡಿನ ಹೆಲ್ಸಿಂಕಿ ವೇಗ ಇಳಿಸುವುದಕ್ಕೆ ವರ್ಷಗಟ್ಟಲೆ ಕೆಲಸ ಮಾಡಿದವು. 2019ರಲ್ಲಿ ಆ ಎರಡೂ ರಾಜಧಾನಿಗಳಲ್ಲಿ ನಡೆಯುವವರು ಒಬ್ಬರೂ ವಾಹನ ಬಡಿದು ಸಾಯಲಿಲ್ಲ. ಲಕ್ಷಗಟ್ಟಲೆ ಜನ ಇರುವ ಊರು, ಇಡೀ ವರ್ಷ. ಇದನ್ನು ಓದಿದಾಗ ನನಗೆ ಗಂಟಲು ಕಟ್ಟಿತ್ತು.

ಫಲಕದಲ್ಲಿ 30 ಅಂತ ಬರೆದ ಮಾತ್ರಕ್ಕೆ ಕಾರು ನಿಧಾನ ಆಗುವುದಿಲ್ಲ, ನಿಜ. ಚಾಲಕರು ಫಲಕ ನೋಡಿ ಓಡಿಸುವುದಿಲ್ಲ, ರಸ್ತೆ ನೋಡಿ ಓಡಿಸುತ್ತಾರೆ. ಅಗಲವಾಗಿ, ನೇರವಾಗಿ, ಖಾಲಿಯಾಗಿ ಇದ್ದರೆ ಕಾಲು ತಾನಾಗಿಯೇ ಒತ್ತುತ್ತದೆ. ಇಕ್ಕಟ್ಟಾಗಿ, ಪಕ್ಕದಲ್ಲಿ ಮರ ಇದ್ದು, ದಾಟುವ ಜಾಗ ಹಂಪಿನ ಹಾಗೆ ಎತ್ತರಕ್ಕಿದ್ದರೆ ಕಾಲು ತಾನಾಗಿಯೇ ಎತ್ತುತ್ತದೆ.

ಸೈಕಲ್ ಹತ್ತುವವರು ಯಾರು?

ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಸೈಕಲ್ ಯೋಜನೆ ನೋಡಿಕೊಳ್ಳುತ್ತಿದ್ದ ರೋಜರ್ ಗೆಲ್ಲರ್ ಜನರನ್ನು ನಾಲ್ಕು ಗುಂಪು ಮಾಡಿದರು. ಎಂಥ ರಸ್ತೆಯಲ್ಲೂ ಹೆದರದೆ ಸೈಕಲ್ ಓಡಿಸುವವರು ನೂರಕ್ಕೆ ಒಬ್ಬರೂ ಇಲ್ಲ. ಒಂದು ಪಟ್ಟೆ ಎಳೆದುಕೊಟ್ಟರೆ ಸಾಕು, ಓಡಿಸುತ್ತೇವೆ ಅನ್ನುವವರು ಏಳು ಜನ. ಏನು ಮಾಡಿದರೂ ಸೈಕಲ್ ಹತ್ತದವರು ಮೂವತ್ತಮೂರು. ಉಳಿದ ಅರವತ್ತು ಜನರಿಗೆ ಆಸೆ ಇದೆ, ಭಯ ಇದೆ. ಇದು ಅವರು ಅನುಭವದಿಂದ ಹಾಕಿದ ಅಂದಾಜು. ಅಂಕಿ ಊರಿಂದ ಊರಿಗೆ ಬೇರೆಯಾಗಬಹುದು, ಆದರೆ ಆ ದೊಡ್ಡ ನಡುಗುಂಪು ಎಲ್ಲ ಕಡೆ ಇದೆ. ನಿಮ್ಮ ಸುತ್ತ ಕೇಳಿ ನೋಡಿ. "ಚಿಕ್ಕವಳಿದ್ದಾಗ ಓಡಿಸುತ್ತಿದ್ದೆ, ಈಗ ಈ ಟ್ರಾಫಿಕ್‌ನಲ್ಲಿ ಯಾರು ಓಡಿಸ್ತಾರೆ" ಅನ್ನುವವರು ಎಷ್ಟು ಜನ ಸಿಗುತ್ತಾರೆ, ಅಲ್ವಾ?

ಸೈಕಲ್ ದಾರಿ ಮಾಡಬೇಕಾದ್ದು ಈ ಅರವತ್ತು ಜನರಿಗೆ. ರಸ್ತೆ ಅಂಚಿನಲ್ಲಿ ಬಣ್ಣ ಬಳಿದು ಸೈಕಲ್ ಚಿತ್ರ ಬರೆದರೆ ಅವರು ಬರುವುದಿಲ್ಲ. ಆ ಬಣ್ಣದ ಮೇಲೆ ಎರಡೇ ದಿನಕ್ಕೆ ಕಾರು ನಿಲ್ಲುತ್ತದೆ. ಸೈಕಲ್ಲಿನವರು ಅದನ್ನು ಸುತ್ತಿಕೊಂಡು ಬಸ್ಸಿನ ಮುಂದೆ ಬರಬೇಕು. ಸರಪಳಿ ಮುರಿಯಿತು. ದಾರಿಗೂ ಕಾರಿಗೂ ನಡುವೆ ಗಟ್ಟಿಯಾದದ್ದು ಏನಾದರೂ ಇರಬೇಕು: ಅಂಚುಗಲ್ಲು, ಗಿಡದ ಸಾಲು, ಸಿಮೆಂಟಿನ ಕಟ್ಟೆ.

ಜೊತೆಗೆ ಅದು ಎಲ್ಲೂ ತುಂಡಾಗಬಾರದು. ಸ್ಪೇನಿನ ಸೆವಿಯಾ ನಗರದ ಕತೆ ನನಗೆ ಇಷ್ಟ. 2006ರ ತನಕ ಅಲ್ಲಿ ಸೈಕಲ್ ಓಡಿಸುವವರು ಕಾಣುತ್ತಲೇ ಇರಲಿಲ್ಲ, ಒಟ್ಟು ಓಡಾಟದಲ್ಲಿ ಶೇ. 1ಕ್ಕಿಂತ ಕಡಿಮೆ. ಇವತ್ತು ಇಲ್ಲಿ ಒಂದು ಕಿಲೋಮೀಟರ್, ಮುಂದಿನ ವರ್ಷ ಅಲ್ಲಿ ಒಂದು ಅಂತ ಅವರು ಮಾಡಲಿಲ್ಲ. ಇಡೀ ಊರಿಗೆ ಒಂದಕ್ಕೊಂದು ಸೇರುವ ಜಾಲವನ್ನು ಒಟ್ಟಿಗೇ ಹಾಸಿದರು. ಪಾರ್ಕಿಂಗ್ ಜಾಗಗಳನ್ನು ಸಾವಿರಗಟ್ಟಲೆ ತೆಗೆದರು. ನಾಲ್ಕೇ ವರ್ಷದಲ್ಲಿ 12 ಕಿ.ಮೀ. ಇದ್ದ ದಾರಿ 120 ಕಿ.ಮೀ. ಆಯಿತು, ಸೈಕಲ್ಲಿನ ಪಾಲು ಶೇ. 6ರ ಆಸುಪಾಸಿಗೆ ಬಂತು. ಬೇಸಿಗೆಯಲ್ಲಿ 40 ಡಿಗ್ರಿ ಸುಡುವ ಊರು ಅದು. ನಮ್ಮ ಬಿಸಿಲಿಗೆ ಸೈಕಲ್ ಆಗಲ್ಲ ಅನ್ನುವವರಿಗೆ ನಾನು ಈ ಊರಿನ ಹೆಸರು ಹೇಳುತ್ತೇನೆ. ದಿಣ್ಣೆ ಏರುವುದಕ್ಕೆ ಈಗ ಬ್ಯಾಟರಿ ಸೈಕಲ್ ಇದೆ.

ಮೂಲೆಯ ಪುಟ್ಟ ಕಟ್ಟೆ

ಸೈಕಲ್ ದಾರಿ ಎಷ್ಟೇ ಚೆನ್ನಾಗಿದ್ದರೂ ಮುರಿಯುವುದು ಸಾಮಾನ್ಯವಾಗಿ ಚೌಕದಲ್ಲಿ. ಸೈಕಲ್ ನೇರ ಹೋಗಬೇಕು, ಪಕ್ಕದ ಕಾರು ಸೈಕಲ್ಲಿನ ಕಡೆಗೇ ತಿರುಗಬೇಕು. ಕಾರಿನವರಿಗೆ ಸೈಕಲ್ ಕಾಣಬೇಕಾದ್ದು ಪಕ್ಕದ ಕನ್ನಡಿಯಲ್ಲಿ, ಅದೂ ಕಾಣದ ಮೂಲೆಯಲ್ಲಿ. ಲಾರಿ ಆದರೆ ಕೇಳುವುದೇ ಬೇಡ. ಎಷ್ಟೋ ಜೀವ ಹೋಗುವುದು ಇದೊಂದೇ ತಿರುವಿನಲ್ಲಿ.

ಡಚ್ ಎಂಜಿನಿಯರುಗಳು ಇದಕ್ಕೆ ಕೊಟ್ಟ ಉತ್ತರ ಎಷ್ಟು ಸರಳ ಅಂದರೆ ಕಾಗದದ ಮೇಲೆ ಬರೆದು ತೋರಿಸಬಹುದು. ಚೌಕದ ಪ್ರತಿ ಮೂಲೆಯಲ್ಲಿ ಒಂದು ಪುಟ್ಟ ಕಟ್ಟೆ ಹಾಕುತ್ತಾರೆ, ಬಾಳೆಹಣ್ಣಿನ ಆಕಾರದ್ದು. ಸೈಕಲ್ ಅದರ ಹಿಂದಿನಿಂದ ಹೋಗುತ್ತದೆ, ಕಾರು ಮುಂದಿನಿಂದ. ಇದರಿಂದ ಎರಡು ಕೆಲಸ ಆಗುತ್ತದೆ. ತಿರುವು ಬಿಗಿಯಾಗುವುದರಿಂದ ಕಾರು ನಿಧಾನವಾಗಲೇಬೇಕು. ಇನ್ನು, ಸೈಕಲ್ ದಾಟುವ ಜಾಗ ಚೌಕದಿಂದ ಒಂದು ಕಾರಿನುದ್ದ ಹಿಂದೆ ಸರಿಯುತ್ತದೆ. ಕಾರು ಅಲ್ಲಿಗೆ ಬರುವಷ್ಟರಲ್ಲಿ ಅದರ ತಿರುವು ಹೆಚ್ಚುಕಡಿಮೆ ಮುಗಿದಿರುತ್ತದೆ. ಸೈಕಲ್ಲಿನವರು ಕನ್ನಡಿಯಲ್ಲಿ ಅಲ್ಲ, ಮುಂದಿನ ಗಾಜಿನಲ್ಲೇ ಎದುರಿಗೆ ಕಾಣುತ್ತಾರೆ. ನಿಲ್ಲಿಸಿಕೊಳ್ಳಲು ಕಾರಿಗೂ ಅಲ್ಲಿ ಜಾಗ ಸಿಗುತ್ತದೆ, ಹಿಂದಿನ ವಾಹನಕ್ಕೆ ಅಡ್ಡ ಆಗುವುದಿಲ್ಲ. ಸಾವು ತಪ್ಪಿಸಲು ಬೇಕಾದ್ದು ಒಂದಿಷ್ಟು ಸಿಮೆಂಟು, ಬಗ್ಗಿದ ಒಂದು ಗೆರೆ.

ಜಾಗ ಎಲ್ಲಿಂದ ತರೋದು?

ಇದು ನ್ಯಾಯವಾದ ಪ್ರಶ್ನೆ. ರಸ್ತೆ ರಬ್ಬರ್ ಅಲ್ಲ, ಎಳೆದರೆ ಬರುವುದಿಲ್ಲ. ಆದರೆ ಇರುವ ಜಾಗದಲ್ಲಿ ಎಷ್ಟು ಜನ ಹೋಗುತ್ತಾರೆ ಅಂತ ಲೆಕ್ಕ ಹಾಕಿದರೆ ಚಿತ್ರ ಬದಲಾಗುತ್ತದೆ. ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಸಂಘದ ಕೈಪಿಡಿಯಲ್ಲಿ ಒಂದು ಹೋಲಿಕೆ ಇದೆ. ಸುಮಾರು ಮೂರು ಮೀಟರ್ ಅಗಲದ ಪಟ್ಟಿಯಲ್ಲಿ ಸ್ವಂತ ವಾಹನ ಬಿಟ್ಟರೆ ಗಂಟೆಗೆ 600ರಿಂದ 1,600 ಜನ ಸಾಗುತ್ತಾರೆ. ಅದೇ ಅಗಲ ಸೈಕಲ್ಲಿಗೆ ಕೊಟ್ಟರೆ 7,500ರ ತನಕ. ನಡೆಯುವವರಿಗೆ ಕೊಟ್ಟರೆ 9,000ದ ತನಕ. ಬಸ್ಸಿಗೇ ಮೀಸಲಿಟ್ಟರೂ ಸಾವಿರಗಟ್ಟಲೆ. ಇನ್ನು ಕಾರು ಓಡದೆ ನಿಂತಿದ್ದರೆ? ಸೊನ್ನೆ.

ಜಪಾನಿನಲ್ಲಿ ಕಾರು ಕೊಳ್ಳುವವರು ಅದನ್ನು ನಿಲ್ಲಿಸಲು ರಸ್ತೆ ಬಿಟ್ಟು ಬೇರೆ ಕಡೆ ಜಾಗ ಇದೆ ಅಂತ ದಾಖಲೆ ತೋರಿಸಬೇಕು. 1962ರ ಕಾನೂನು ಅದು. ಟೋಕಿಯೋದ ಚಿಕ್ಕ ಬೀದಿಗಳಲ್ಲಿ ಫುಟ್‌ಪಾತ್ ಇಲ್ಲದಿದ್ದರೂ ಮಕ್ಕಳು ನಡೆದೇ ಶಾಲೆಗೆ ಹೋಗುವುದಕ್ಕೆ ಇದೂ ಒಂದು ಕಾರಣ. ಬೀದಿಯ ಎರಡೂ ಬದಿ ಕಾರಿನ ಗೋಡೆ ಇರುವುದಿಲ್ಲ.

"ರಸ್ತೆ ಅಗಲ ಮಾಡಿ, ಟ್ರಾಫಿಕ್ ಸರಿಹೋಗುತ್ತದೆ" ಅನ್ನುವ ನಂಬಿಕೆ ಬಹಳ ಗಟ್ಟಿ. ಡ್ಯುರಾಂಟನ್ ಮತ್ತು ಟರ್ನರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿ ಹಿಡಿದು 2011ರಲ್ಲಿ ತೋರಿಸಿದ್ದು ಬೇರೆ: ಹೆದ್ದಾರಿ ಎಷ್ಟು ಪಾಲು ಹೆಚ್ಚಾಯಿತೋ ವಾಹನಗಳ ಓಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಾಯಿತು. ಹೊಸ ಜಾಗ ಹೊಸ ಕಾರುಗಳನ್ನು ಕರೆಯಿತು. ಇದರ ಇನ್ನೊಂದು ಮುಖವೂ ಇದೆ. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ದಿನಕ್ಕೆ ಲಕ್ಷಕ್ಕೂ ಹೆಚ್ಚು ವಾಹನ ಓಡುತ್ತಿದ್ದ ಮೇಲ್ಸೇತುವೆಯನ್ನು 2003ರಲ್ಲಿ ಒಡೆಯತೊಡಗಿದರು. 2005ಕ್ಕೆ ಅದರ ಕೆಳಗೆ ಮುಚ್ಚಿಹೋಗಿದ್ದ ಚೊಂಗ್ಯೆಚೊನ್ ತೊರೆ ತೆರೆದುಕೊಂಡಿತು. ಊರು ನಿಂತುಹೋಗಲಿಲ್ಲ. ಇವತ್ತು ಜನ ಆ ನೀರಿನ ಪಕ್ಕ ನಡೆಯುತ್ತಾರೆ.

ಡಚ್ಚರ ಖ್ರೊನಿಂಗನ್ ನಗರ 1977ರಲ್ಲಿ ಇನ್ನೂ ಕಡಿಮೆ ಖರ್ಚಿನ ಉಪಾಯ ಮಾಡಿತು. ನಡು ಊರನ್ನು ನಾಲ್ಕು ಭಾಗ ಮಾಡಿದರು. ಒಂದು ಭಾಗದಿಂದ ಇನ್ನೊಂದಕ್ಕೆ ಕಾರು ನೇರ ಹೋಗುವ ಹಾಗಿಲ್ಲ. ಹೊರವರ್ತುಲ ರಸ್ತೆಗೆ ಹೋಗಿ, ಸುತ್ತಿಕೊಂಡು ಮತ್ತೆ ಒಳಗೆ ಬರಬೇಕು. ನಡೆಯುವವರು, ಸೈಕಲ್ಲಿನವರು ನೇರ ಹೋಗಬಹುದು. ಯಾವ ಮನೆಗೂ ಕಾರು ಬರದ ಹಾಗೆ ಆಗಲಿಲ್ಲ. ಸುಮ್ನೆ ಊರೊಳಗಿಂದ ಹಾದುಹೋಗುವ ಕಾರು ಮಾತ್ರ ನಿಂತಿತು. ಎರಡು ಕಿಲೋಮೀಟರಿಗೆ ಸೈಕಲ್ಲೇ ಬೇಗ ಅಂತಾದಾಗ ಉಪದೇಶ ಯಾರಿಗೆ ಬೇಕು? ಬೆಲ್ಜಿಯಂನ ಗೆಂಟ್ 2017ರಲ್ಲಿ ಇದೇ ದಾರಿ ಹಿಡಿಯಿತು.

ಅಂಗಡಿಯವರು ಎಲ್ಲ ಊರಲ್ಲೂ ಮೊದಲು ಹೆದರುತ್ತಾರೆ. ಪಾರ್ಕಿಂಗ್ ಹೋದರೆ ಗಿರಾಕಿ ಹೋದ ಹಾಗೆ ಅನ್ನಿಸುತ್ತದೆ. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಅಂಗಡಿಯವರನ್ನು ಕೇಳಿದಾಗ ನೂರಕ್ಕೆ 41 ಗಿರಾಕಿಗಳು ಕಾರಲ್ಲಿ ಬರುತ್ತಾರೆ ಅಂದರು. ಗಿರಾಕಿಗಳನ್ನೇ ಕೇಳಿದರೆ ಬಂದದ್ದು 22. ಕಾರು ಬಾಗಿಲಲ್ಲೇ ನಿಂತು ಕಣ್ಣಿಗೆ ಬೀಳುತ್ತದೆ. ನಡೆದು ಬಂದವರು ಹೇಗೆ ಬಂದರು ಅಂತ ಯಾರೂ ಗಮನಿಸುವುದಿಲ್ಲ. ಅಂಗಡಿಯವರ ಭಯವನ್ನು ತಳ್ಳಿಹಾಕಬಾರದು. ಅವರ ಜೊತೆ ಕೂತು ಎಣಿಸಬೇಕು. ಸಾಮಾನು ಇಳಿಸುವ ಹೊತ್ತಿಗೆ ಜಾಗ ಬಿಡಬೇಕು.

ಅವರು ಹುಟ್ಟುತ್ತಲೇ ಹಾಗಿರಲಿಲ್ಲ

"ಅದು ಅವರ ಸಂಸ್ಕೃತಿ, ನಮಗೆ ಆಗಲ್ಲ" ಅನ್ನುವ ಮಾತು ಬಂದೇ ಬರುತ್ತದೆ. 1960ರ ದಶಕದಲ್ಲಿ ನೆದರ್‌ಲ್ಯಾಂಡ್ಸ್ ಕೂಡ ಕಾರಿನ ಹಿಂದೆ ಬಿದ್ದಿತ್ತು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸತ್ತವರು ಸುಮಾರು 3,300 ಜನ. ಅದರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಅಪಘಾತದಲ್ಲಿ ಕಳೆದುಕೊಂಡ ಒಬ್ಬ ಪತ್ರಕರ್ತರು 1972ರಲ್ಲಿ ಲೇಖನ ಬರೆದರು. ಅದರ ತಲೆಬರಹವೇ ಚಳವಳಿಯ ಹೆಸರಾಯಿತು: "ಮಕ್ಕಳ ಕೊಲೆ ನಿಲ್ಲಿಸಿ". ಅಪ್ಪ ಅಮ್ಮಂದಿರು, ಮಕ್ಕಳು ರಸ್ತೆಯಲ್ಲಿ ಕೂತರು. 1973ರಲ್ಲಿ ತೈಲದ ಬಿಕ್ಕಟ್ಟು ಬಂದು, ಭಾನುವಾರ ಕಾರು ಬಿಡಬೇಡಿ ಅಂತ ಸರ್ಕಾರವೇ ಹೇಳಿದಾಗ ಖಾಲಿ ರಸ್ತೆ ಹೇಗಿರುತ್ತದೆ ಅಂತ ಜನ ಕಣ್ಣಾರೆ ನೋಡಿದರು. ಇವತ್ತು ಅಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಓಡಾಟ ಸೈಕಲ್ಲಿನಲ್ಲಿ. ನಡುವೆ ಹೋದದ್ದು ಐವತ್ತು ವರ್ಷ, ಒಂದೊಂದು ಚೌಕವನ್ನೂ ರಿಪೇರಿ ಮಾಡುತ್ತಾ.

ಖಾಲಿ ರಸ್ತೆಯ ರುಚಿ ತೋರಿಸುವುದಕ್ಕೆ ಕೊಲಂಬಿಯಾದ ಬೊಗೊಟಾ ಇನ್ನೂ ಸುಲಭದ ದಾರಿ ಹಿಡಿಯಿತು. 1974ರಿಂದ ನಡೆಯುತ್ತಿರುವ ಸಿಕ್ಲೊವಿಯಾದಲ್ಲಿ ಪ್ರತಿ ಭಾನುವಾರ ಬೆಳಗ್ಗೆ 7ರಿಂದ ಮಧ್ಯಾಹ್ನ 2ರ ತನಕ 120 ಕಿ.ಮೀ.ಗೂ ಹೆಚ್ಚು ರಸ್ತೆ ಜನರದ್ದು. ಇದರಿಂದ ಸೋಮವಾರದ ಕೆಲಸದ ದಾರಿ ಸರಿಹೋಗುವುದಿಲ್ಲ. ಆದರೆ ಭಯ ಬಿಟ್ಟು ಒಮ್ಮೆ ಸೈಕಲ್ ಹತ್ತಿದವರು ಆಮೇಲೆ ದಾರಿ ಕೇಳುತ್ತಾರೆ.

ಬಸ್ಸು, ಮೆಟ್ರೊ ಜೊತೆ ಸೈಕಲ್ ಸೇರಿಸುವ ಲಾಭವನ್ನು ಒಂದೇ ಲೆಕ್ಕದಲ್ಲಿ ಹೇಳಬಹುದು. ಕಾಲು ಗಂಟೆಯಲ್ಲಿ ನಡೆದು ಒಂದೂಕಾಲು ಕಿಲೋಮೀಟರ್ ಹೋಗಬಹುದು, ಸೈಕಲ್ಲಿನಲ್ಲಿ ಅದರ ಮೂರು ಪಟ್ಟು. ದೂರ ಮೂರು ಪಟ್ಟಾದರೆ ಸುತ್ತಲಿನ ಜಾಗ ಒಂಬತ್ತು ಪಟ್ಟಾಗುತ್ತದೆ. ಅಂದರೆ ಒಂದೇ ನಿಲ್ದಾಣಕ್ಕೆ ಒಂಬತ್ತು ಪಟ್ಟು ಜಾಗದ ಜನ ಬರಬಹುದು. ಅದಕ್ಕೇ ಡಚ್ಚರ ಯೂಟ್ರೆಕ್ಟ್ ನಗರದ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗ ಕಟ್ಟಿದ್ದಾರೆ.

ನಿಮ್ಮ ಬೀದಿಯಲ್ಲಿ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯಲು ದೊಡ್ಡ ಸರ್ವೆ ಬೇಕಿಲ್ಲ. ಮನೆಯಿಂದ ಶಾಲೆಗೋ, ಬಸ್ ಸ್ಟಾಪಿಗೋ, ಪಾರ್ಕಿಗೋ ಒಂದು ಮಗುವನ್ನೋ ವಯಸ್ಸಾದವರನ್ನೋ ಕರೆದುಕೊಂಡು ನಡೆಯಿರಿ. ಕೈಯಲ್ಲಿ ಒಂದು ಕಾಗದ ಇರಲಿ. ಎಲ್ಲೆಲ್ಲಿ ನಿಮಗೆ ಗೊತ್ತಿಲ್ಲದೆಯೇ ಅವರ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಿರೋ ಅಲ್ಲಲ್ಲಿ ಒಂದು ಗುರುತು ಹಾಕಿ. ಫೋಟೊ ತೆಗೆಯಿರಿ, ಸೆಕೆಂಡು ಎಣಿಸಿ. "ಫುಟ್‌ಪಾತ್ ಸರಿಯಿಲ್ಲ" ಅಂತ ದೂರು ಕೊಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಈ ಸಿಗ್ನಲ್‌ಗೆ ಎಂಟು ಸೆಕೆಂಡ್ ಹೆಚ್ಚು ಬೇಕು" ಅಂದರೆ ಅದು ಒಬ್ಬರು ಒಂದು ದಿನ ಮಾಡಿ ಮುಗಿಸಬಹುದಾದ ಕೆಲಸ ಆಗುತ್ತದೆ.

ನಮ್ಮ ಪಾರ್ಕಿನ ದಾರಿಯಲ್ಲಿ ನಾನು ಗುರುತು ಹಾಕಿದ್ದು ಏಳು ಜಾಗ. ಮೊದಲನೆಯದು ಆ ಸಿಗ್ನಲ್. ಅರ್ಜಿ ಬರೆದಿದ್ದೇನೆ, ಅಮ್ಮ ಸಹಿ ಹಾಕಿದ್ದಾಳೆ.